ಹನ್ನೊಂದು ಮಂದಿ ಓದಿದ ಕಾದಂಬರಿ

೩ ಆಗಸ್ಟ್ ೧೯೫೯, ಸೋಮವಾರ

ಇಂದು ಬೆಳಿಗ್ಗೆ ಒಂಬತ್ತೂವರೆಯ ಶುಭಮುಹೂರ್ತದಲ್ಲಿ ನಾವು, ಅಂದರೆ ಉದಯಶಂಕರ ಮಹಾಶಯರು, ಪ್ರಾಯ ಇಪ್ಪತ್ತು, ಪಂಜದ ವಾಗ್ವಿಲಾಸ ವಾಚನಾಲಯದ ಸಿಂಹಾಸನವನ್ನು ಏರಿದೆವು. ಸಿಂಹಾಸನದ ಮೂರು ಕಾಲು ಸಮ ಇವೆ. ನಾಲ್ಕನೆಯದರ ಅಡಿಗೆ ಹಳೆಯ ಪಂಚಾಂಗವೊಂದನ್ನು ಮಡಚಿ ಇಡಲಾಗಿದೆ. ಪಟ್ಟ ಕಟ್ಟಿದವರು ನಮ್ಮ ಸೋದರಮಾವ ಗೌರೀಶಂಕರ ರಾಯರು. ಅವರು ಜವಳಿ ಅಂಗಡಿಯ ಯಜಮಾನರು, ವಾಚನಾಲಯದ ಅಧ್ಯಕ್ಷರು, ಮತ್ತು ನಾವು ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡನೆಯ ಬಾರಿ ವೀರಮರಣವನ್ನಪ್ಪಿದ ಮೇಲೆ ನಮ್ಮ ಭವಿಷ್ಯದ ಹೊಣೆ ಹೊತ್ತವರು.

"ಬಸ್ಸಿನ ಬೋರ್ಡು ತಿರುಗಿಸಿಟ್ಟು ಸುಬ್ರಹ್ಮಣ್ಯಕ್ಕೆ ಹೋಗುವವರನ್ನು ಪುತ್ತೂರಿಗೆ ಕಳಿಸಿದ್ದು ಸಾಕು. ಇಲ್ಲಿ ಕೂತ್ಕೊ. ಪುಸ್ತಕ ಕೊಡುದು, ತೆಕ್ಕೊಳ್ಳುದು, ಅಷ್ಟೇ. ತಲೆ ಉಪಯೋಗಿಸ್ಬೇಡ" ಎಂದರು ಮಾವ.

ರಾಜ್ಯದ ವಿಸ್ತಾರ: ಮೂಸಕುಂಞಿಯ ಸೋಡಾ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ, ನಾಲ್ಕು ಕಪಾಟು, ಒಂದು ಮೇಜು. ಮೆಟ್ಟಿಲು ಅಂಗಡಿಯ ಒಳಗಿನಿಂದಲೇ ಇರುವುದರಿಂದ ಸರಸ್ವತಿಯ ದರ್ಶನಕ್ಕೆ ಬರುವವರೆಲ್ಲ ಗೋಲಿ ಸೋಡಾದ ಬಾಟಲಿಗಳನ್ನು ದಾಟಿಯೇ ಬರಬೇಕು.

ಮೇಜಿನ ಮೇಲೆ ದಾರ ಕಟ್ಟಿದ ಒಂದು ಪುಸ್ತಕ ಉಂಟು. ಅದಕ್ಕೆ ಅಭಿಪ್ರಾಯ ಪುಸ್ತಕವೆಂದು ಹೆಸರು. ಮಾವನ ಕಾನೂನು: ಓದಿದ ಕಾದಂಬರಿಯ ಬಗ್ಗೆ ಅಭಿಪ್ರಾಯ ಬರೆಯದೆ ಇನ್ನೊಂದು ಕಾದಂಬರಿ ಕೊಡತಕ್ಕದ್ದಲ್ಲ. ಅಭಿಪ್ರಾಯದ ಕೊನೆಗೆ ಮೂರರಲ್ಲಿ ಒಂದು ತೀರ್ಪು ಇರಲೇಬೇಕು: ಓದತಕ್ಕದ್ದು, ಓದಬಹುದು, ಓದದಿದ್ದರೂ ನಡೆಯುತ್ತದೆ. ಬೇರೆ ಕಡೆ ಓದಿದ ಪುಸ್ತಕದ ಬಗ್ಗೆಯೂ ಬರೆಯಬಹುದು. ಇದೆಲ್ಲ ಯಾಕೆಂದರೆ ನವೆಂಬರ್ ಒಂದಕ್ಕೆ ವಾಚನಾಲಯದ ವಾರ್ಷಿಕೋತ್ಸವ. ಅಂದು, ಹೆಚ್ಚು ಮಂದಿ 'ಓದತಕ್ಕದ್ದು' ಎಂದ ಐದು ಐತಿಹಾಸಿಕ ಕಾದಂಬರಿಗಳ ಹೆಸರನ್ನು ಹಲಗೆಯಲ್ಲಿ ಬರೆಸಿ ಬಸ್ ಸ್ಟ್ಯಾಂಡಿನಲ್ಲಿ ತೂಗಹಾಕುವುದೆಂದು ತೀರ್ಮಾನ. ಸಾಮಾಜಿಕ ಕಾದಂಬರಿಗಳಿಗೆ ಹಲಗೆ ಇಲ್ಲ. ಅವು ಹುಡುಗರನ್ನು ಕೆಡಿಸುತ್ತವೆ ಎಂದು ಮಾವನ ನಂಬಿಕೆ.

೮ ಆಗಸ್ಟ್, ಶನಿವಾರ

ಪ್ರಜೆಗಳ ಪರಿಚಯವಾಯಿತು. ಅಭಿಪ್ರಾಯ ಪುಸ್ತಕವನ್ನು ನಾವು ಒಂದು ಶಾಸನದಂತೆ ಅಭ್ಯಾಸ ಮಾಡುತ್ತಿದ್ದೇವೆ.

ಟೈಲರ್ ಕುಕ್ಕಪ್ಪ ಯುದ್ಧಗಳನ್ನು ಎಣಿಸುತ್ತಾನೆ. "ಇದರಲ್ಲಿ ಯುದ್ಧ ನಾಲ್ಕು, ದ್ವಂದ್ವ ಎರಡು. ಓದತಕ್ಕದ್ದು." ಬಸ್ ಏಜೆಂಟ್ ವೆಂಕಪ್ಪನಿಗೆ ರಾಣಿ ಬೇಕು. ರಾಣಿ ಹದಿನೈದನೆಯ ಪುಟದೊಳಗೆ ಬಾರದಿದ್ದರೆ ಅವನು ಪುಸ್ತಕ ಹಿಂದೆ ತರುತ್ತಾನೆ. ಮಾವ ಪ್ರತಿಯೊಂದಕ್ಕೂ "ಯುವಜನರು ಕಲಿಯತಕ್ಕ ಪಾಠ ಅಪಾರ" ಎಂದು ಬರೆದಿದ್ದಾರೆ. ಒಂದು ಸಲ ಅಡುಗೆಯ ಪುಸ್ತಕಕ್ಕೂ.

ಉಳಿದ ಅಭಿಪ್ರಾಯಗಳು ಹಿಂದಿನವರದನ್ನು ನೋಡಿ ಬರೆದವು. ಅರ್ಧ ಜನ ಓದುವುದೇ ಇಲ್ಲ ಎಂದು ನಮಗೆ ಸಂಶಯ.

ಒಬ್ಬರು ಮಾತ್ರ ಬೇರೆ. ಸಣ್ಣ, ನೆಟ್ಟಗಿನ ಅಕ್ಷರ. ರಾಜೀವಿ ಟೀಚರ್.

"ಕೋಟೆಗೆ ಮೂರು ತಿಂಗಳ ಮುತ್ತಿಗೆ. ಒಳಗೆ ಎರಡು ಸಾವಿರ ಜನ. ಇವರಿಗೆ ಗಂಜಿ ಬೇಯಿಸಿದವರು ಯಾರು? ಗ್ರಂಥಕರ್ತರಿಗೆ ಗೊತ್ತಿಲ್ಲ. ಓದದಿದ್ದರೂ ನಡೆಯುತ್ತದೆ."

"ರಾಜಕುಮಾರನಿಗೆ ಮೂವತ್ತು ವರ್ಷವಾಗುವವರೆಗೆ ಒಂದು ನೆಗಡಿಯೂ ಆಗಲಿಲ್ಲ. ಓದಬಹುದು, ನಮಗೆ ಜ್ವರ ಬಂದಾಗ."

ಹತ್ತು ವರ್ಷಗಳಲ್ಲಿ ಅವರು ಎರಡೇ ಪುಸ್ತಕಗಳಿಗೆ 'ಓದತಕ್ಕದ್ದು' ಎಂದು ಬರೆದಿದ್ದಾರೆ. ಅದರಲ್ಲಿ ಒಂದರ ಕೆಳಗೆ: "ಇದರಲ್ಲಿ ಸೋತವರಿಗೂ ಮನೆ ಉಂಟು." ಅಷ್ಟೇ.

೧೨ ಆಗಸ್ಟ್, ಬುಧವಾರ

ಲೋಕಕಲ್ಯಾಣಾರ್ಥವಾಗಿ ಇಂದು ನಾವು ಒಂದು ಪರೀಕ್ಷೆಯನ್ನು ಏರ್ಪಡಿಸಿದೆವು.

ಪಟ್ಟಿಯಲ್ಲಿ ನೂರ ಹದಿನೇಳನೆಯ ಸಂಖ್ಯೆ ಖಾಲಿ. ಅಲ್ಲಿದ್ದ ಪುಸ್ತಕವನ್ನು ಗೆದ್ದಲು ಪೂರ್ತಿಯಾಗಿ ಓದಿ ಮುಗಿಸಿದೆ. ಆ ಜಾಗದಲ್ಲಿ ನಾವು ಮುತ್ತಿನಂಥ ಅಕ್ಷರದಲ್ಲಿ ಬರೆದೆವು: 'ಮಹಾಮಂಡಲೇಶ್ವರನ ಮುರಿದ ಖಡ್ಗ', ಐತಿಹಾಸಿಕ ಕಾದಂಬರಿ, ಪುಟ ೪೧೨, ಗ್ರಂಥಕರ್ತರು ಸಾಹಿತ್ಯಸಿಂಧೂರ ಚಂಡವಿಕ್ರಮ. ಹೊರಗೆ ಹೋಗಿದೆ.

ಅನಂತರ ಅಭಿಪ್ರಾಯ ಪುಸ್ತಕದಲ್ಲಿ ಎಡಗೈಯಿಂದ: "ಕೊನೆಯ ಅಧ್ಯಾಯದಲ್ಲಿ ರಾಣಿಯ ನಿರ್ಧಾರ ಓದಿ ಮೂರು ದಿನ ಊಟ ಸೇರಲಿಲ್ಲ. ಓದತಕ್ಕದ್ದು. ಶೇಷಪ್ಪಯ್ಯ, ಆಲೆಟ್ಟಿ." ಆಲೆಟ್ಟಿಗೆ ಹೋಗಿ ಶೇಷಪ್ಪಯ್ಯನನ್ನು ಹುಡುಕುವಷ್ಟು ಪುರುಸೊತ್ತು ಪಂಜದಲ್ಲಿ ಯಾರಿಗೂ ಇಲ್ಲ.

೩೦ ಆಗಸ್ಟ್, ಭಾನುವಾರ

ಜಯ! ಜಯ! ಇಲ್ಲದ ಪುಸ್ತಕವನ್ನು ಇವತ್ತಿಗೆ ಹನ್ನೊಂದು ಮಂದಿ ಓದಿದ್ದಾರೆ.

ಕುಕ್ಕಪ್ಪ: "ಆನೆ ಬಂದು ಕೋಟೆಬಾಗಿಲು ಒಡೆಯುವ ಭಾಗ ಚೆನ್ನಾಗಿದೆ. ಯುದ್ಧ ಇನ್ನೂ ಬೇಕಿತ್ತು." ವೆಂಕಪ್ಪ: "ರಾಣಿ ಸಾಯಬಾರದಿತ್ತು." ಹೆಲ್ತ್ ಇನ್‌ಸ್ಪೆಕ್ಟರರು: "ರಾಣಿ ಸಾಯುವುದೇ ಸರಿ. ಭಾಷೆ ಸ್ವಲ್ಪ ಕಠಿಣ." ಮರ್ಕಂಜದಿಂದ ಬರುವ ಒಬ್ಬರು: "ಎರಡನೆಯ ಸಲ ಓದಿದಾಗ ಇನ್ನೂ ಚೆನ್ನಾಗಿದೆ." ಮಾವ: "ಪ್ರಧಾನಿಯ ದ್ರೋಹದಿಂದ ಯುವಜನರು ಕಲಿಯತಕ್ಕ ಪಾಠ ಅಪಾರ."

ಸಂಜೆ ಕೆಳಗೆ ಸೋಡಾ ಅಂಗಡಿಯಲ್ಲಿ ವೆಂಕಪ್ಪನಿಗೂ ಹೆಲ್ತ್ ಇನ್‌ಸ್ಪೆಕ್ಟರರಿಗೂ ರಾಣಿಯ ಸಾವಿನ ಬಗ್ಗೆ ಜೋರು ಜಗಳವಾಯಿತು.

"ನೀವು ಕೊನೆಯ ಪುಟ ಸರಿಯಾಗಿ ಓದಿಲ್ಲ ಮಾರಾಯ್ರೆ!" ಎಂದ ವೆಂಕಪ್ಪ.

"ನನಗೆ ಓದುದು ಕಲಿಸ್ಬೇಡ. ನೀನು ಟಿಕೇಟು ಹರಿ!" ಎಂದರು ಅವರು.

ನಾವು ನ್ಯಾಯಾಧೀಶರ ಗಾಂಭೀರ್ಯದಿಂದ ಜಿಂಜರ್ ಸೋಡಾ ಕುಡಿಯುತ್ತ ಇಬ್ಬರ ವಾದವನ್ನೂ ಕೇಳಿದೆವು. ಜನ ಚದುರಿದ ಮೇಲೆ ಮೂಸಕುಂಞಿ ಬಾಟಲಿ ತೊಳೆಯುತ್ತ, ನಮ್ಮ ಮುಖ ನೋಡದೆ ಹೇಳಿದ:

"ಸಣ್ಣ ರಾಯ್ರೆ, ಮಾಳಿಗೆಗೆ ಹೋಗುವ ಪುಸ್ತಕ, ಬರುವ ಪುಸ್ತಕ ಎಲ್ಲ ನನ್ನ ಕಣ್ಣೆದುರೇ ಹೋಗುದು. ಆ ಕತ್ತಿಯ ಪುಸ್ತಕ ಮೇಲೆ ಹೋದದ್ದು ನಾನು ಕಾಣಲಿಲ್ಲ. ಕೆಳಗೆ ಬಂದದ್ದೂ ಕಾಣಲಿಲ್ಲ."

"ಕಿಟಕಿಯಿಂದ ಹೋಗಿರಬಹುದು ಮೂಸಾಕ."

"ಹಾಂ. ರೆಕ್ಕೆ ಉಂಟು ಕಾಣ್ತದೆ" ಎಂದು ಅವನು ಬಾಟಲಿಯ ಗೋಲಿಯನ್ನು ಒಮ್ಮೆ ಕುಣಿಸಿದ. ಹೊರಗೆ ಕೊಡ ಇಳಿಸುತ್ತ ಅವನ ನೀರಿನ ಹೆಂಗಸು ನಗುತ್ತಿದ್ದಳು.

೧೧ ಸೆಪ್ಟೆಂಬರ್, ಶುಕ್ರವಾರ

ರಾಜೀವಿ ಟೀಚರ್ ಬಂದಿದ್ದರು. ನಾಲ್ಕನೆಯ ಕ್ಲಾಸಿನಲ್ಲಿ ನಮಗೆ ಕಲಿಸಿದವರು, ಈ ಮಾರ್ಚಿನಲ್ಲಿ ನಿವೃತ್ತರಾದರು. ಮೆಟ್ಟಿಲು ಹತ್ತುವಾಗ ಗೋಡೆಯನ್ನು ಬೆರಳಿನಿಂದ ಸವರಿಕೊಂಡು ಬಂದರು.

"ಯಾರು ಕೂತದ್ದು ಅಲ್ಲಿ? ಉದಯನಾ?"

"ಹೌದು ಟೀಚರ್."

"ನೂರ ಹದಿನೇಳು ಕೊಡು."

"ಹೊರಗೆ ಹೋಗಿದೆ ಟೀಚರ್."

"ಒಂದು ತಿಂಗಳಿಂದ ಹೊರಗೇ ಉಂಟಲ್ಲ. ಯಾರ ಮನೆಯಲ್ಲಿ ಸಂಸಾರ ಹೂಡಿದೆ ಅದು?"

ನಾವು ನಕ್ಕೆವು. ಅವರೂ ನಕ್ಕರು. ಆಮೇಲೆ ಕುರ್ಚಿಯನ್ನು ಕೈಯಿಂದ ಹುಡುಕಿ ಕುಳಿತರು.

"ಮಂಗಳೂರಿಗೆ ಹೋಗಿದ್ದೆ. ಕಣ್ಣಿನ ಒಳಗೆ ಒತ್ತಡ ಅಂತೆ. ಒಂದು ಆಗಲೇ ಮುಗಿದಿದೆ. ಇನ್ನೊಂದು ದೀಪಾವಳಿವರೆಗೆ ಉಳಿದ್ರೆ ನಿಮ್ಮ ಪುಣ್ಯ ಅಂದ್ರು ಡಾಕ್ಟ್ರು." ಸಂತೆಗೆ ಹೋಗಿ ಬಂದ ಸುದ್ದಿ ಹೇಳಿದ ಹಾಗೆ ಹೇಳಿದರು. "ಇಲ್ಲಿ ಐತಿಹಾಸಿಕ ನಲವತ್ತಮೂರು ಉಂಟು. ನಲವತ್ತೆರಡು ನಾನು ಓದಿ ಆಗಿದೆ. ಅದೊಂದು ಬಾಕಿ. ಹನ್ನೊಂದು ಜನ ಓದಿದ್ದಾರೆ, ಕುಕ್ಕಪ್ಪ ಕೂಡ ಓದಿದ್ದಾನೆ! ನಾನೊಬ್ಬಳು ಓದದೆ ಇರುದಾ? ಅದನ್ನು ಓದಿ ಈ ಕಣ್ಣಿಗೆ ರಜೆ ಕೊಡ್ತೇನೆ."

"ಬೇರೆ ಯಾವುದಾದರೂ ಹೊಸತು ತರಿಸುವ ಟೀಚರ್. ಪುತ್ತೂರಿಂದ."

"ಬೇಡ. ಹತ್ತು ಪುಟ ಓದಿದ್ರೆ ಒಂದು ದಿನ ಕಣ್ಣು ಮುಚ್ಚಿ ಮಲಗ್ಬೇಕು. ಇನ್ನು ಒಂದೇ ಪುಸ್ತಕ ಆಗುದು. ಶೇಷಪ್ಪಯ್ಯನಿಗೆ ಮೂರು ದಿನ ಊಟ ಬಿಡಿಸಿದ್ದು ಎಂತ ಅಂತ ನೋಡ್ಬೇಕು."

"ಯಾರಾದರೂ ಓದಿ ಹೇಳಿದರೆ?"

"ಇನ್ನು ಮುಂದೆ ಹಾಗೆಯೇ ಅಲ್ವಾ? ತಂಗಿ ಮೋಹಿನಿ ಓದ್ತಾಳೆ. ಆದ್ರೆ ಕೇಳುದು ಬೇರೆ ಉದಯ, ಓದುದು ಬೇರೆ. ಕೇಳುವಾಗ ಅವಳ ಓಟಕ್ಕೆ ನಾನು ಓಡ್ಬೇಕು. ಓದುವಾಗ ಬೇಕಾದಲ್ಲಿ ನಿಲ್ಲಬಹುದು."

ಅವರು ಇಳಿದು ಹೋದರು. ಮೆಟ್ಟಿಲು ಎಣಿಸುವುದು ಕೇಳಿಸಿತು. ಹದಿನಾಲ್ಕು.

ಇಷ್ಟು ದೊಡ್ಡ ಜಯದ ನಂತರ ನಮಗೆ ನಗು ಬರಬೇಕಿತ್ತು. ಬರಲಿಲ್ಲ. ಜಿಂಜರ್ ಸೋಡಾದ ದೋಷವಿರಬೇಕು.

೧೨ ಸೆಪ್ಟೆಂಬರ್, ಶನಿವಾರ

ಸತ್ಯವನ್ನು ಒಪ್ಪಿಕೊಂಡೆವು. ಒಪ್ಪಿಕೊಂಡದ್ದು ಸ್ವೀಕೃತವಾಗಲಿಲ್ಲ. ಇದು ಚರಿತ್ರೆಯಲ್ಲಿ ಮೊದಲ ಸಲವಿರಬೇಕು.

ಮಾವ ಅಂಗಡಿಯಲ್ಲಿ ಮಲ್ಲುಬಟ್ಟೆ ಅಳೆಯುತ್ತಿದ್ದರು.

"ಮಾವ, ಆ ನೂರ ಹದಿನೇಳು ಪುಸ್ತಕ ಇಲ್ಲ."

"ಇಲ್ಲದೆ ಎಂತ? ಹೊರಗೆ ಹೋಗಿದೆ."

"ಹಾಗಲ್ಲ. ಎಲ್ಲಿಯೂ ಇಲ್ಲ. ಚಂಡವಿಕ್ರಮ ಅಂತ ಯಾರೂ ಇಲ್ಲ. ನಾನು ತಮಾಷೆಗೆ ಹುಟ್ಟಿಸಿದ್ದು."

ಮಾವ ಗಜಕೋಲು ಕೆಳಗಿಟ್ಟರು. "ನಾನು ಓದಿದ್ದೇನೆ ಮಾರಾಯ!"

"ಓದಲಿಕ್ಕೆ ಸಾಧ್ಯವೇ ಇಲ್ಲ ಮಾವ."

"ಪುತ್ತೂರಲ್ಲಿ ಇದ್ದಾಗ ಓದಿದ್ದು. ನೀಲಿ ರಟ್ಟು. ಪ್ರಧಾನಿಯ ದ್ರೋಹ ಇನ್ನೂರನೆಯ ಪುಟದಲ್ಲಿ ಬರ್ತದೆ. ನಾನು ಸುಳ್ಳು ಹೇಳ್ತೇನೆ ಅಂತಲಾ ನೀನು? ಹೋಗು, ಪುಸ್ತಕ ಯಾರ ಹತ್ರ ಉಂಟು ಅಂತ ಪತ್ತೆ ಮಾಡಿ ಟೀಚರಿಗೆ ಕೊಡು!"

ನೀಲಿ ರಟ್ಟು. ಅಂಗಡಿಯ ಮೆಟ್ಟಿಲು ಇಳಿಯುವಾಗ ನಮಗೇ ಒಂದು ಕ್ಷಣ ಸಂಶಯ ಬಂತು.

೧೪ ಸೆಪ್ಟೆಂಬರ್

ಟೀಚರ ಮನೆಗೆ ಹೋಗಿದ್ದೆ. ನಿಜ ಹೇಳುವುದೆಂದೇ ಹೋದದ್ದು. ಜಗಲಿಯಲ್ಲಿ ಅವರು ಭೂತಗನ್ನಡಿ ಒರಸುತ್ತ ಕುಳಿತಿದ್ದರು. ನನ್ನ ಪುಸ್ತಕಕ್ಕಾಗಿ ಅದನ್ನು ಸಿದ್ಧ ಮಾಡುತ್ತಿದ್ದರು. ಬಾಯಿಗೆ ಬೇರೆಯೇ ಬಂತು.

"ಟೀಚರ್, ಪುಸ್ತಕ ಸಿಕ್ಕಿತು. ಆದ್ರೆ ಗೆದ್ದಲು ಹಿಡಿದಿದೆ, ಅಕ್ಷರವೂ ತುಂಬ ಸಣ್ಣ. ನಾನು ದಪ್ಪಕ್ಷರದಲ್ಲಿ ನಕಲು ಮಾಡಿ ಸ್ವಲ್ಪ ಸ್ವಲ್ಪ ತಂದು ಕೊಡ್ತೇನೆ."

ಅವರು ನನ್ನ ಕಡೆ ನೋಡಿದರು. ಎಷ್ಟು ಕಂಡಿತೋ.

"ನಾನೂರ ಹನ್ನೆರಡು ಪುಟ? ಶಾಲೆಯಲ್ಲಿ ಒಂದು ಪುಟ ಕಾಪಿ ಬರೀಲಿಕ್ಕೆ ನಿನಗೆ ಹೊಟ್ಟೆನೋವು ಬರ್ತಿತ್ತು."

"ಸಂಕ್ಷೇಪ ಮಾಡ್ತೇನೆ."

"ಹಾಗಾದ್ರೆ ಯುದ್ಧ ಬಿಡು. ಊಟ ಬಿಡ್ಬೇಡ" ಎಂದರು. "ಅವಸರ ಮಾಡ್ಬೇಡ ಉದಯ. ತಡವೂ ಮಾಡ್ಬೇಡ."

೧೭ ಸೆಪ್ಟೆಂಬರ್, ಗುರುವಾರ

ಮೂರು ದಿನಗಳಲ್ಲಿ ಬರೆದದ್ದು: "ಎಲೈ ಕ್ಷತ್ರಿಯಕುಲಾಂಬರ ಭಾಸ್ಕರನೇ!" ಮುಂದೆ ಆ ಭಾಸ್ಕರನು ಏನೆಂದನೆಂದು ಗೊತ್ತಿಲ್ಲ. ಹರಿದು ಹಾಕಿದೆ.

ಚರಿತ್ರೆ ಓದಿದವನಲ್ಲ, ಕೋಟೆ ಕಂಡವನಲ್ಲ. ಮೇಲಾಗಿ ಈ ಪುಸ್ತಕವನ್ನು ಆಗಲೇ ಹನ್ನೊಂದು ಮಂದಿ ಓದಿಯಾಗಿದೆ! ಅವರಲ್ಲಿ ಯಾರೊಡನೆಯಾದರೂ ಟೀಚರ್ ನಾಳೆ ಮಾತಾಡಿದರೆ ಒಂದಕ್ಕೊಂದು ತಾಳೆಯಾಗಬೇಕು. ಒಂದು ಆನೆ ಬೇಕು, ಅದು ಬಾಗಿಲು ಒಡೆಯಬೇಕು. ಪ್ರಧಾನಿ ದ್ರೋಹ ಮಾಡಬೇಕು. ರಾಣಿ ಸಾಯಬೇಕು. ರಾಣಿ ಸಾಯಬಾರದು. ಭಾಷೆ ಸ್ವಲ್ಪ ಕಠಿಣವಿರಬೇಕು. ಎರಡನೆಯ ಸಲ ಇನ್ನೂ ಚೆನ್ನಾಗಿರಬೇಕು.

ಬೇರೆ ದಾರಿ ತೋಚದೆ ಅಭಿಪ್ರಾಯ ಪುಸ್ತಕ ತೆಗೆದು ಟೀಚರ ಹತ್ತು ವರ್ಷದ ಅಭಿಪ್ರಾಯಗಳನ್ನೆಲ್ಲ ಮೊದಲಿಂದ ಓದಿದೆ. ಅವರು ಪ್ರತಿ ಪುಸ್ತಕಕ್ಕೂ ಒಂದೊಂದು ಪ್ರಶ್ನೆ ಹಾಕಿದ್ದಾರೆ. ಗಂಜಿ ಬೇಯಿಸಿದವರು ಯಾರು? ಕುದುರೆಗೆ ಹುಲ್ಲು ಎಲ್ಲಿಂದ? ಯುದ್ಧ ಗೆದ್ದ ಮರುದಿನ ಬೆಳಿಗ್ಗೆ ಜನ ಏನು ಮಾಡಿದರು? ರಾಜನು ಊರು ಬಿಟ್ಟಾಗ ನಾಯಿಗಳು ಯಾರ ಹಿಂದೆ ಹೋದವು? ಇಷ್ಟು ದಿನ ತಮಾಷೆಗೆ ಬರೆದದ್ದೆಂದುಕೊಂಡಿದ್ದೆ. ಅವರು ನಿಜವಾಗಿ ಕೇಳಿದ್ದು. ಯಾರೂ ಉತ್ತರ ಕೊಟ್ಟಿಲ್ಲ.

೨೧ ಸೆಪ್ಟೆಂಬರ್

ಕೆಳಗೆ ಹೋಗಿ ಮೂಸಕುಂಞಿಯನ್ನು ಕೇಳಿದೆ. "ಮೂಸಾಕ, ಒಂದು ಕೋಟೆಯಲ್ಲಿ ಮುನ್ನೂರು ಜನ ಸಿಕ್ಕಿಬಿದ್ದರೆ ಮೊದಲು ಎಂತ ಮುಗಿಯುತ್ತದೆ? ಅಕ್ಕಿಯಾ?"

"ನೀರು." ಯೋಚನೆ ಮಾಡದೆ ಹೇಳಿದ. "ಅಕ್ಕಿ ಇಲ್ಲದೆ ಎರಡು ದಿನ ಬೈಕ್ಕೊಂಡು ಇರಬಹುದು. ನೀರಿಲ್ಲದೆ ಬೈಯಲಿಕ್ಕೂ ಆಗುದಿಲ್ಲ. ಕೋಟೆಯ ಬಾವಿ ಎಲ್ಲಿ ಉಂಟು?"

ನನ್ನ ಕೋಟೆಗೆ ಬಾವಿಯೇ ಇರಲಿಲ್ಲ.

ಅವನ ನೀರಿನ ಹೆಂಗಸು ರಸ್ತೆಯಾಚೆಯ ಬಾವಿಯಿಂದ ದಿನವಿಡೀ ತರುತ್ತಾಳೆ. ಇವತ್ತು ಕಿಟಕಿಯಿಂದ ನೋಡಿದೆ. ಬಾವಿಯಿಂದ ಮೂರನೆಯ ಕಲ್ಲಿನ ಹತ್ತಿರ ಬಂದಾಗ ಕೊಡವನ್ನು ಬಲಸೊಂಟದಿಂದ ಎಡಕ್ಕೆ ಬದಲಿಸುತ್ತಾಳೆ. ಪ್ರತಿ ಸಲವೂ ಅದೇ ಕಲ್ಲು. ಆ ಕಲ್ಲಿನ ಮೇಲ್ಮೈ ನುಣುಪಾಗಿದೆ. ಇಳಿದು ಹೋಗಿ ಕೇಳಿದೆ, ದಿನಕ್ಕೆ ಎಷ್ಟು ಕೊಡ ಎಂದು.

"ಎಣಿಸಿದ್ರೆ ಕೊಡ ಭಾರ ಆಗ್ತದೆ ಸಣ್ಣ ರಾಯ್ರೆ" ಎಂದಳು.

ಮೇಲೆ ಬಂದು ಆ ಮಾತನ್ನು ಬರೆದೆ. ಆಮೇಲೆ ಕೋಟೆಯೊಳಗಿನ ಒಬ್ಬ ಹೆಂಗಸು ಅದನ್ನೇ ಹೇಳಿದಳು. ಆಮೇಲೆ ನಾಲ್ಕು ಪುಟ ತಾನಾಗಿ ಆಯಿತು.

೨೭ ಸೆಪ್ಟೆಂಬರ್, ಭಾನುವಾರ

ಮೊದಲ ಹದಿನಾರು ಹಾಳೆ ಕೊಟ್ಟು ಬಂದಿದ್ದೆ, ಹಾಳೆಗೆ ಹದಿನೆಂಟು ಸಾಲಿನ ಹಾಗೆ. ಇವತ್ತು ಹೋದಾಗ ಟೀಚರ್ ಹೇಳಿದರು:

"ಈ ಚಂಡವಿಕ್ರಮರ ಹೆಸರು ನೋಡಿದ್ರೆ ಒಂದು ವಾಕ್ಯ ಒಂದು ಫರ್ಲಾಂಗು ಇರಬಹುದು ಅಂತ ಹೆದರಿದ್ದೆ. ಸಣ್ಣ ಸಣ್ಣ ವಾಕ್ಯ. ಒಳ್ಳೇದು. ಆದ್ರೆ ಮಹಾಮಂಡಲೇಶ್ವರ ಮೂರನೆಯ ಪುಟದಲ್ಲಿ ತಲೆ ತುರಿಸಿಕೊಳ್ತಾನೆ. ಇದು ಮೂಲದಲ್ಲಿ ಉಂಟಾ?"

"ಉಂಟು ಟೀಚರ್."

"ನಾಲ್ಕನೆಯ ಕ್ಲಾಸಿನ ಪರೀಕ್ಷೆಯಲ್ಲಿ ಅಶೋಕ ಚಕ್ರವರ್ತಿ ತಲೆ ತುರಿಸಿಕೊಂಡ ಅಂತ ಒಬ್ಬ ಬರೆದಿದ್ದ. ನೆನಪಾಯಿತು. ಅಷ್ಟೇ."

ನಾನು ಚಾವಡಿಯ ಕಂಬವನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಅಕ್ಷರ ಇನ್ನು ಸ್ವಲ್ಪ ದಪ್ಪ ಮಾಡು" ಎಂದರು.

೪ ಅಕ್ಟೋಬರ್

ಹಾಳೆಗೆ ಹನ್ನೆರಡು ಸಾಲು. ಲೇಖನಿಗೆ ಅಗಲ ಮೊನೆಯ ಟಾಕು ಪುತ್ತೂರಿನಿಂದ ವೆಂಕಪ್ಪ ತರಿಸಿಕೊಟ್ಟ. ಎಂತಕ್ಕೆ ಎಂದು ಕೇಳಿದ. ವಾಚನಾಲಯದ ಕೆಲಸ ಎಂದೆ. "ಆ ಮುರಿದ ಖಡ್ಗ ಇನ್ನೊಮ್ಮೆ ಓದ್ಬೇಕು ಮಾರಾಯ, ರಾಣಿಗೋಸ್ಕರ" ಎಂದ. ಅವನ ಮುಖದಲ್ಲಿ ಸುಳ್ಳೇ ಇರಲಿಲ್ಲ. ಮೊದಲಾಗಿದ್ದರೆ ಇದರ ಬಗ್ಗೆ ಎರಡು ಪುಟ ಬರೆಯುತ್ತಿದ್ದೆ.

೯ ಅಕ್ಟೋಬರ್

ಬರೆದೆ.

೧೩ ಅಕ್ಟೋಬರ್, ಮಂಗಳವಾರ

ರಾಣಿ ಸಾಯಬೇಕು, ಸಾಯಲೂಬಾರದು. ನಾಲ್ಕು ದಿನ ಇಲ್ಲೇ ಸಿಕ್ಕಿಕೊಂಡೆ. ಇವತ್ತು ಗಂಟು ಬಿಚ್ಚಿತು. ಆನೆ ಬಾಗಿಲು ಒಡೆದ ಮೇಲೆ ಹೊರಗಿನವರಿಗೆ ಸಿಗುವುದು ರಾಣಿಯ ಸೀರೆ, ಒಡವೆ. ಸತ್ತಳೆಂದು ಡಂಗುರ ಹೊಡೆಸುತ್ತಾರೆ. ಒಳಗೆ ನೀರು ಹೊರುವ ಹೆಂಗಸಿನ ಪಕ್ಕದಲ್ಲಿ ಇನ್ನೊಬ್ಬಳು ಹೆಂಗಸು ಕೊಡ ಎತ್ತಲು ಕಲಿಯುತ್ತಿದ್ದಾಳೆ, ಅಭ್ಯಾಸವಿಲ್ಲದ ಕೈ. ನೀರು ಹೊರುವವಳಿಗೆ ಗೊತ್ತು. ಅವಳು ಹೇಳುವುದಿಲ್ಲ. "ಮೂರನೆಯ ಕಲ್ಲಿನ ಹತ್ತಿರ ಸೊಂಟ ಬದಲಿಸು" ಎಂದಷ್ಟೇ ಹೇಳುತ್ತಾಳೆ.

ವೆಂಕಪ್ಪನೂ ಸರಿ, ಹೆಲ್ತ್ ಇನ್‌ಸ್ಪೆಕ್ಟರರೂ ಸರಿ.

ಮಾವ ಮೇಲೆ ಬಂದು, "ಎಂತ ಮಾರಾಯ, ಒಂದು ತಿಂಗಳಿಂದ ನಿನ್ನ ದೂರು ಯಾರೂ ತರಲಿಲ್ಲ. ಸೌಖ್ಯ ಇಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

೨೦ ಅಕ್ಟೋಬರ್

ಹಾಳೆಗೆ ಏಳು ಸಾಲು. ಟೀಚರ್ ಈಗ ಜಗಲಿಯಲ್ಲಿ ಓದುವುದಿಲ್ಲ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕುಳಿತು, ಹಾಳೆಯನ್ನು ಮೂಗಿನವರೆಗೆ ತಂದು, ಒಂದೊಂದೇ ಶಬ್ದ. ಮೋಹಿನಿಯಕ್ಕ ಓದಿಕೊಡುತ್ತೇನೆಂದರೆ ಗದರುತ್ತಾರಂತೆ. ನಾನು ಹೋದದ್ದು ಗೊತ್ತಾಗಲಿಲ್ಲ ಅವರಿಗೆ. ಬೆರಳು ನೀರು ಹೊರುವವಳ ಮಾತಿನ ಕೆಳಗೆ ನಿಂತಿತ್ತು. ಅಲ್ಲಿ ನಿಂತೇ ಇತ್ತು, ಬಹಳ ಹೊತ್ತು. ನಾನು ಹಾಳೆಗಳನ್ನು ಜಗಲಿಯಲ್ಲಿಟ್ಟು ಬಂದೆ.

೨೫ ಅಕ್ಟೋಬರ್, ಭಾನುವಾರ

ಮುಗಿಯಿತು. ಕೊನೆಯ ಆರು ಹಾಳೆ, ಹಾಳೆಗೆ ನಾಲ್ಕು ಸಾಲು. ಬೆಳಿಗ್ಗೆ ಕೊಟ್ಟೆ.

"ಇದರ ನಂತರ ಉಂಟಾ?"

"ಇಲ್ಲ ಟೀಚರ್."

"ದಿನಕ್ಕೊಂದು ಓದ್ತೇನೆ" ಎಂದು ಎಣಿಸಿ ತೆಗೆದುಕೊಂಡರು.

೧ ನವೆಂಬರ್, ಭಾನುವಾರ

ವಾರ್ಷಿಕೋತ್ಸವ. ಬಸ್ ಸ್ಟ್ಯಾಂಡಿನಲ್ಲಿ ಹಲಗೆ ಏರಿತು. ಐದು ಓದತಕ್ಕ ಐತಿಹಾಸಿಕ ಕಾದಂಬರಿಗಳು. ಮೊದಲನೆಯದು, ಕೆಂಪು ಬಣ್ಣದಲ್ಲಿ, ಮಹಾಮಂಡಲೇಶ್ವರನ ಮುರಿದ ಖಡ್ಗ. ಕುಕ್ಕಪ್ಪ ಚಪ್ಪಾಳೆ ತಟ್ಟಿದ. ಇಂಥ ದಿನಕ್ಕಾಗಿ ಆಗಸ್ಟಿನಲ್ಲಿ ನಾನು ಏನೇನು ಹಾಸ್ಯ ಕೂಡಿಟ್ಟಿದ್ದೆನೋ, ಒಂದೂ ನೆನಪಾಗಲಿಲ್ಲ.

ಭಾಷಣ ಮುಗಿದ ಮೇಲೆ ಟೀಚರ್ ಮಾಳಿಗೆಗೆ ಬಂದರು. ಮೋಹಿನಿಯಕ್ಕ ಕೈ ಹಿಡಿದಿದ್ದರು. ಮೇಜಿನ ಹತ್ತಿರ ಬಿಟ್ಟು, "ನಾನು ಕೆಳಗೆ ಇರ್ತೇನೆ" ಎಂದು ಇಳಿದರು.

"ಓದಿ ಆಯಿತು ಉದಯ. ಕೊನೆಯ ಹಾಳೆಯನ್ನು ನಿನ್ನೆ ಓದಿದೆ. ನಾನೇ ಓದಿದ್ದು. ಇವತ್ತು ಬೆಳಿಗ್ಗೆ ನೋಡುವಾಗ ಬಿಳಿ ಮಾತ್ರ ಕಂಡಿತು. ಪುಸ್ತಕ ತಾ. ಅಭಿಪ್ರಾಯ ಬರೆಯದೆ ಬಿಟ್ಟರೆ ನಿನ್ನ ಮಾವ ಇನ್ನೊಂದು ಕೊಡ್ಲಿಕ್ಕಿಲ್ಲ."

"ನೀವು ಹೇಳಿ ಟೀಚರ್, ನಾನು ಬರೀತೇನೆ."

"ನಿನ್ನ ಬರವಣಿಗೆ ಸಾಕಷ್ಟು ಆಯಿತು. ಕಾಗದದ ತುದಿಗೆ ನನ್ನ ಕೈ ಇಡು."

ಇಟ್ಟೆ. ಅವರು ಬರೆದರು. ಮೊದಲು ನೆಟ್ಟಗಿದ್ದ ಸಾಲು ಆಮೇಲೆ ಕೆಳಕ್ಕೆ ಇಳಿಯುತ್ತ, ಹಿಂದಿನವರ ಅಭಿಪ್ರಾಯದ ಮೇಲೆ ಏರುತ್ತ ಹೋಯಿತು. ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ, "ಅಲ್ಲ ಮಾರಾಯ, ಆ ಆನೆ ಎಂತಕ್ಕೆ?" ಎಂದರು.

"ಅದು ಕುಕ್ಕಪ್ಪನದು ಟೀಚರ್."

"ಹಾಗೆ ಹೇಳು" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ನನಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಅಷ್ಟರಲ್ಲಿ ಏನನ್ನೂ ಒಪ್ಪಿಕೊಳ್ಳದೆ ಎಲ್ಲವನ್ನೂ ಒಪ್ಪಿಕೊಂಡಾಗಿತ್ತು.

ಅವರು ಹೋದ ಮೇಲೆ ಓದಿದೆ. ಪುಸ್ತಕ: ಮಹಾಮಂಡಲೇಶ್ವರನ ಮುರಿದ ಖಡ್ಗ. ಗ್ರಂಥಕರ್ತರು: ಉದಯಶಂಕರ. ಅಭಿಪ್ರಾಯ: "ಗಂಜಿ ಉಂಟು. ಬಾವಿ ಉಂಟು. ಯುದ್ಧ ಬೇಕಿರಲಿಲ್ಲ. ನೀರು ಹೊತ್ತವಳು ಮೊದಲಿನಿಂದ ಕೊನೆಯವರೆಗೆ ಇದ್ದಾಳೆ, ಮಹಾಮಂಡಲೇಶ್ವರನ ಕುದುರೆಗೂ ಹೆಸರು ಉಂಟು, ಅವಳಿಗೆ ಇಲ್ಲ. ಇದು ತಪ್ಪು."

ಪುಟ ಅಲ್ಲಿಗೆ ಮುಗಿದಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ. ತೀರ್ಪು ಪುಟದಿಂದ ಇಳಿದು ಮೇಜಿನ ಮರದ ಮೇಲೆ ಬಿದ್ದಿತ್ತು. ಓದಬಹುದು.

ಮೂರರಲ್ಲಿ ನಡುವಿನದು. ಓದತಕ್ಕದ್ದು ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ಮಾವ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೇಲೆ ಬಂದರು. ಪುಸ್ತಕದ ಮೇಲೆ ಬಾಗಿದರು.

"ಪಾಪ, ಟೀಚರಿಗೆ ಕಾಣುದಿಲ್ಲ. ಚಂಡವಿಕ್ರಮರ ಜಾಗದಲ್ಲಿ ನಿನ್ನ ಹೆಸರು ಬರೆದುಬಿಟ್ಟಿದ್ದಾರೆ. ಸರಿ ಮಾಡು."

ಲೇಖನಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಗೀಟು ಎಳೆದರೆ ಹಲಗೆ ಉಳಿಯುತ್ತದೆ, ಹನ್ನೊಂದು ಮಂದಿಯ ಮಾನ ಉಳಿಯುತ್ತದೆ. ಟೀಚರಿಗೆ ಮಾತ್ರ ಕಣ್ಣಿನ ಜೊತೆ ಬುದ್ಧಿಯೂ ಹೋಯಿತೆಂದಾಗುತ್ತದೆ.

"ಸರಿಯಾಗಿಯೇ ಉಂಟು ಮಾವ. ಅವರೊಬ್ಬರೇ ಆ ಪುಸ್ತಕ ಓದಿದ್ದು."

ಮಾವ ನನ್ನನ್ನು ನೋಡಿದರು. ಆಮೇಲೆ ಕಿಟಕಿಯಿಂದ ಬಸ್ ಸ್ಟ್ಯಾಂಡಿನ ಕೆಂಪು ಅಕ್ಷರ ನೋಡಿದರು. ಹಾರದ ಒಂದೊಂದೇ ಹೂವನ್ನು ಕೀಳುತ್ತ ಹೇಳಿದರು:

"ನಾನು ಓದಿದ್ದು ಬೇರೆ ಆವೃತ್ತಿ ಇರಬೇಕು."

ಬಾಗಿಲವರೆಗೆ ಹೋಗಿ ತಿರುಗಿದರು. "ಆ ಹಾಳೆಗಳು ಟೀಚರ ಮನೆಯಲ್ಲೇ ಉಂಟಾ? ನಾಳೆ ತಂದು ಕೊಡು. ಹಲಗೆಯಲ್ಲಿ ಹೆಸರು ಉಂಟಲ್ಲ... ಒಮ್ಮೆ ನೋಡ್ತೇನೆ."

೨ ನವೆಂಬರ್, ಸೋಮವಾರ

ಬೆಳಿಗ್ಗೆ ಈ ದಿನಚರಿಯನ್ನು ಮೊದಲಿನಿಂದ ತಿರುವಿ ಹಾಕಿದೆ. ಗಜಕೋಲು ಉಂಟು, ಪಂಚಾಂಗ ಉಂಟು, ಟಾಕು ಕೂಡ ಉಂಟು. 'ಅವನ ನೀರಿನ ಹೆಂಗಸು' ಎಂದು ಎರಡು ಕಡೆ ಬರೆದಿದ್ದೇನೆ.

ಸೋಮವಾರ ಅವಳು ಮೆಟ್ಟಿಲು, ಮಾಳಿಗೆ ಒರಸಲು ಬರುವ ದಿನ. ಒದ್ದೆ ಬಟ್ಟೆ ಹಿಡಿದು ಬಂದು ಮೇಜಿನ ಮೇಲಿನ ಶಾಯಿ ನೋಡಿದಳು.

"ಇದು ಯಾರು ಮಾಡಿದ್ದು ಸಣ್ಣ ರಾಯ್ರೆ? ಉಜ್ಜಿದ್ರೆ ಹೋಗ್ತದೆ."

"ಬೇಡ, ಅಷ್ಟು ಜಾಗ ಬಿಟ್ಟು ಒರಸಿ."

"ಎಂತ ಬರೆದದ್ದು?"

"ಓದಬಹುದು ಅಂತ."

ಅವಳು ಆ ಅಕ್ಷರಗಳ ಸುತ್ತ ನಿಧಾನವಾಗಿ ಒರಸಿದಳು. ನಾನು ಕೇಳಿದೆ:

"ನಿಮ್ಮ ಹೆಸರೆಂತ?"

ಕೈ ನಿಂತಿತು. "ಮೂಸಾಕ ದಿನಕ್ಕೆ ನಲವತ್ತು ಸಲ ಕೂಗ್ತಾರಲ್ಲ ಕೆಳಗಿಂದ. ಮೂರು ತಿಂಗಳು ಇಲ್ಲೇ ಕೂತಿದ್ರಿ. ಕೇಳಲಿಲ್ವಾ?"

"ಇಲ್ಲ" ಎಂದೆ.

"ಕದೀಜಮ್ಮ" ಎಂದರು ಅವರು, ಬಟ್ಟೆ ಹಿಂಡುತ್ತ.